ದೊಡ್ಡಪ್ಪನ ಮೂಗು ಮತ್ತು ಆದಿವಾಲದ ಪನ್ನೀರು

ಮದುವೆಗಳು ಯಾತಕ್ಕೆಲ್ಲ ನಿಲ್ಲುತ್ತವೆ, ಹೇಳಿ?

ಉಂಗುರದ ತೂಕಕ್ಕೆ ನಿಂತದ್ದನ್ನು ಕಂಡಿದ್ದೇನೆ. ಪಾಯಸದಲ್ಲಿ ಗೋಡಂಬಿ ಕಾಣಲಿಲ್ಲವೆಂದು ಬೀಗರು ಎಲೆ ಬಿಟ್ಟು ಎದ್ದದ್ದನ್ನೂ ಕಂಡಿದ್ದೇನೆ. ಆದರೆ ವಾಸನೆಯ ಕಾರಣಕ್ಕೆ ಮದುವೆ ನಿಲ್ಲುವುದನ್ನು ಕಂಡಿರಲಿಲ್ಲ, ಕೇಳಿಯೂ ಇರಲಿಲ್ಲ. ಅದು ನನ್ನ ಸ್ವಂತ ತಮ್ಮನ ಮದುವೆಯಲ್ಲೇ ಆಗಬೇಕಿತ್ತೇ?

(ಹೋದ ವಾರ ಖಾಸಗಿ ಬಸ್ಸುಗಳ ಬಗ್ಗೆ ಬರೆದದ್ದಕ್ಕೆ ಹೊಸದುರ್ಗದ ಓದುಗರಿಬ್ಬರು ಇನ್ನೂ ನನ್ನ ಮೇಲೆ ಸಿಟ್ಟಾಗಿದ್ದಾರೆ. ಆ ಜಗಳ ಆಮೇಲೆ ಆಡೋಣ. ಈ ವಾರ ನನ್ನ ತಲೆಗೆ ಬೇರೆ ಯಾವುದೂ ಹತ್ತುತ್ತಿಲ್ಲ.)

ಮೊದಲಿಂದ ಹೇಳುತ್ತೇನೆ.

ನನ್ನ ತಮ್ಮ ಮಂಜ ಚಿತ್ರದುರ್ಗದಲ್ಲಿ ದೊಡ್ಡಪ್ಪನ ಜೊತೆ ಗ್ರಂಥಿಗೆ ಅಂಗಡಿ ನೋಡಿಕೊಳ್ಳುತ್ತಾನೆ. ಅರಿಶಿನ, ಕುಂಕುಮ, ಕರ್ಪೂರ, ವಿಭೂತಿ, ಊದುಬತ್ತಿ, ಪನ್ನೀರು, ಎಲ್ಲಾ ಸಿಗುತ್ತದೆ. ಅಪ್ಪ ತೀರಿಕೊಂಡ ಮೇಲೆ ದೊಡ್ಡಪ್ಪನೇ ಮನೆಗೆ ಯಜಮಾನ. ಮನುಷ್ಯ ಒಳ್ಳೆಯವರು, ದನಿ ಮಾತ್ರ ಜೋರು. ಅಂಗಡಿಯಲ್ಲೇ ಹಗಲೆಲ್ಲ ಕೂತು ಅವರ ಪಂಚೆಗೆ, ಹೆಗಲ ಮೇಲಿನ ಟವೆಲ್ಲಿಗೆ, ಕೊನೆಗೆ ಅವರು ಮುರಿದುಕೊಟ್ಟ ರೊಟ್ಟಿಗೂ ಅಂಗಡಿಯದೇ ವಾಸನೆ ಹತ್ತಿಬಿಟ್ಟಿದೆ.

ಹುಡುಗಿ ಗಿರಿಜ. ಹಿರಿಯೂರಿನ ಹತ್ತಿರದ ಆದಿವಾಲದವಳು. ತಂದೆ ರುದ್ರಪ್ಪನವರು ಬೇಸಾಯಗಾರರು. ಹೊಲದ ಅಂಚಿಗೆ ಒಂದು ಬಾವಿ, ಬಾವಿಯ ಮಗ್ಗುಲಿಗೆ ಪನ್ನೀರು ಗುಲಾಬಿಯ ತೋಟ. ಈಗ ಆಫೀಸುಗಳ ಮುಂದೆ ಕುಂಡದಲ್ಲಿ ಬೆಳೆಸುವ ಕೆಂಪು ಕೆಂಪು ಕಸಿ ಗುಲಾಬಿ ಅಂದುಕೊಳ್ಳಬೇಡಿ. ಇದು ತೆಳುಬಣ್ಣದ್ದು, ಎಸಳು ಸಡಿಲ, ಬಿಸಿಲೇರಿದರೆ ಉದುರಿಹೋಗುತ್ತದೆ. ಮುಡಿದರೆ ನಿಲ್ಲುವುದಿಲ್ಲ, ಪೇಟೆಗೆ ಕಳಿಸಿದರೆ ದಾರಿಯಲ್ಲೇ ಬಾಡುತ್ತದೆ. ಅದರ ಹತ್ತಿರ ಇರುವ ಆಸ್ತಿಯೆಂದರೆ ವಾಸನೆಯೊಂದೇ.

ಆ ವಾಸನೆಯನ್ನು ಹಿಡಿದಿಡುವುದು ರುದ್ರಪ್ಪನವರ ಮನೆಯ ಕೆಲಸ. ಬಿಸಿಲು ಬರುವುದರೊಳಗೆ ಹೂವು ಬಿಡಿಸಬೇಕು. ತಾಮ್ರದ ಹಂಡೆಗೆ ಹೂವು, ನೀರು ತುಂಬಿ, ಮುಚ್ಚಳದ ಸುತ್ತ ಹಿಟ್ಟು ಮೆತ್ತಿ, ಸಣ್ಣ ಉರಿಯಲ್ಲಿ ಕಾಯಿಸಬೇಕು. ಆವಿ ಬಿದಿರಿನ ಕೊಳವೆಯಲ್ಲಿ ಹಾದು ತಣ್ಣೀರಲ್ಲಿಟ್ಟ ಇನ್ನೊಂದು ಪಾತ್ರೆಗೆ ಇಳಿಯುತ್ತದೆ. ಅದೇ ಪನ್ನೀರು. ಅವರ ತಂದೆಯ ಕಾಲದಲ್ಲಿ ಮಠದ ಪೂಜೆಗೂ ಇವರ ಮನೆಯದೇ ಹೋಗುತ್ತಿತ್ತಂತೆ. ಈಗ ಯಾರೂ ಕೇಳುವುದಿಲ್ಲ, ಎಲ್ಲರಿಗೂ ಅಂಗಡಿಯ ಬಾಟಲಿ ಸಿಗುತ್ತದೆ. ಆದರೂ ಇವರು ಬಿಟ್ಟಿರಲಿಲ್ಲ. ಯಾಕೆಂದರೆ ಗಿರಿಜ ಸಣ್ಣವಳಿದ್ದಾಗಿನಿಂದ ಅಪ್ಪನ ಜೊತೆ ಹೂವು ಬಿಡಿಸಿದವಳು, ಅವಳ ಮದುವೆಯಲ್ಲಿ ಬೀಗರಿಗೆ ತಮ್ಮ ತೋಟದ ಪನ್ನೀರೇ ಚಿಮುಕಿಸಬೇಕೆಂದು ರುದ್ರಪ್ಪನವರಿಗೆ ಆಸೆ.

ಹೆಣ್ಣು ಒಪ್ಪಿಗೆಯಾಗಿ ಮುಹೂರ್ತದ ಮಾತು ಬಂದಾಗ ನಾನೂ ಅಲ್ಲಿದ್ದೆ. ದೊಡ್ಡಪ್ಪನಿಗೆ ಎಲ್ಲವೂ ಬೇಗ ಆಗಬೇಕು. ರುದ್ರಪ್ಪನವರು ಮೆಲ್ಲಗೆ ಹೇಳಿದರು, “ಇನ್ನೊಂದು ತಿಂಗಳು ತಡೀರಿ ಬೀಗ್ರೆ. ಹೂವು ಈಗ ಬಿಡಾಕೆ ಶುರು ಮಾಡ್ಯಾವೆ.”

“ಹೂವಿಗೂ ಮದುವೆಗೂ ಏನ್ರಿ ಸಂಬಂಧ? ಹೂವು ಬೇಕಂದ್ರೆ ಹಿರಿಯೂರು ಪೇಟೆಯಾಗೆ ಸಿಗ್ತಾವೆ,” ಅಂದರು ದೊಡ್ಡಪ್ಪ.

ರುದ್ರಪ್ಪನವರು ತಲೆಯಾಡಿಸಿದರು. ಹೆಣ್ಣಿನ ತಂದೆ ಅಲ್ಲವೇ? ದೊಡ್ಡಪ್ಪ ಹೇಳಿದ ದಿನವೇ ಗಟ್ಟಿಯಾಯಿತು.

ಮದುವೆ ದಿನ ಬೆಳಿಗ್ಗೆ ನಮ್ಮ ದಿಬ್ಬಣದ ಬಸ್ಸು ಆದಿವಾಲ ಮುಟ್ಟಿತು. ಗಂಡಸರೆಲ್ಲ ಟೆರಿಲಿನ್ ಶರ್ಟು, ನಾವೆಲ್ಲ ನೈಲಾನ್ ಸೀರೆ. (ಇದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.) ಚಪ್ಪರದ ಬಾಗಿಲಲ್ಲಿ ಓಲಗ, ಆರತಿ, ಕಲ್ಲುಸಕ್ಕರೆ. ರುದ್ರಪ್ಪನವರು ಉದ್ದ ಕತ್ತಿನ ಬೆಳ್ಳಿ ಪನ್ನೀರುದಾನಿ ಹಿಡಿದು ತಾವೇ ಮುಂದೆ ನಿಂತಿದ್ದರು. ಮುಖದಲ್ಲಿ ಎಂಥ ನಗು ಅಂತೀರಿ.

ಮೊದಲ ಗೌರವ ಹಿರಿಯರಿಗೆ. ದೊಡ್ಡಪ್ಪನ ಮೇಲೆ ಪನ್ನೀರು ಬಿತ್ತು. ಮುಖಕ್ಕೆ ಒಂದಿಷ್ಟು, ಹೆಗಲ ಟವೆಲ್ಲಿಗೆ ಒಂದಿಷ್ಟು.

ದೊಡ್ಡಪ್ಪ ಅಲ್ಲೇ ನಿಂತರು. ಟವೆಲ್ಲು ತೆಗೆದು ಮೂಸಿದರು. ಇನ್ನೊಮ್ಮೆ ಮೂಸಿದರು.

“ಏನ್ರೀ ಇದು? ಮುಸುರೆ ನೀರಾ?”

ಓಲಗದವರು ನಿಲ್ಲಿಸಿದರು.

ಬಂದವರ ಮೈಮೇಲೆ ಪಾತ್ರೆ ತೊಳೆದ ನೀರು ಎರಚಿದ್ದೀರಾ ಅಂತ ಬೀಗರ ಕಡೆಯ ಹಿರಿಯರು ಬಾಗಿಲಲ್ಲೇ ಕೇಳಿದರೆ ಮುಂದೆ ಏನು ಉಳಿಯುತ್ತದೆ? ಟವೆಲ್ಲು ಕೈಯಿಂದ ಕೈಗೆ ಹೋಯಿತು. ಒಬ್ಬರು ಕೊಳೆತ ಸೊಪ್ಪು ಅಂದರು. ಇನ್ನೊಬ್ಬರು ಹೊಗೆ ಅಂದರು. ನನ್ನ ಕೈಗೂ ಬಂತು. ಮೂಸಿದೆ.

ಓದುಗರೇ, ಸುಳ್ಳು ಹೇಳುವುದಿಲ್ಲ. ನನಗೂ ಬೇಯಿಸಿದ ಸೊಪ್ಪಿನ ವಾಸನೆಯೇ ಬಂತು. ಅದರಡಿ ಎಲ್ಲೋ ಇನ್ನೊಂದು ವಾಸನೆಯೂ ಇತ್ತು, ಅದು ಏನೆಂದು ನನಗೆ ತಿಳಿಯಲಿಲ್ಲ.

“ನಮ್ಮ ತ್ವಾಟದ್ದೇ ಬೀಗ್ರೆ,” ಅಂದರು ರುದ್ರಪ್ಪನವರು. ನಗು ಇನ್ನೂ ಪೂರ್ತಿ ಆರಿರಲಿಲ್ಲ, ಏನೋ ತಮಾಷೆ ಇರಬೇಕೆಂದು ಕಾಯುತ್ತಿರುವ ಹಾಗೆ. “ಮಗಳ ಮದುವೆಗೆ ಅಂತ ನಾನೇ ಇಳಿಸೀನಿ. ಬರೀ ಹೂವಿಂದು. ಏನೂ ಬೆರೆಸಿಲ್ಲ.”

“ಪನ್ನೀರು ಮಾರೋನು ನಾನು. ನನಗೇ ಹೇಳ್ತೀರೇನ್ರಿ? ಬಡವರಾದ್ರೆ ಬಡವರು ಅನ್ರಿ, ಬೇಜಾರಿಲ್ಲ. ಕಿಲುಬು ಹಂಡೆ ತೊಳೆದ ನೀರು ತಂದು ಮುಖಕ್ಕೆ ಎರಚೋದಾ?” ದೊಡ್ಡಪ್ಪ ಬಸ್ಸಿನ ಕಡೆ ತಿರುಗಿದರು. “ಲೇ ಮಂಜ, ನಡಿ. ವಾಪಸ್ ಹೋಗಾಣ.”

ಮಂಜ ಬಾಸಿಂಗ ಕಟ್ಟಿಕೊಂಡು ನಿಂತಲ್ಲೇ ನಿಂತ. ಅರ್ಧ ದಿಬ್ಬಣ ಆಗಲೇ ದೊಡ್ಡಪ್ಪನ ಹಿಂದೆ ತಿರುಗಿತ್ತು.

ಆಗ ಮುಂದೆ ಬಂದವರು ನಮ್ಮನೆಯವರು. ಹೊಳಲ್ಕೆರೆ ಕಡೆಯ ಬಿ.ದುರ್ಗದವರು, ಚಿತ್ರದುರ್ಗದ ಕಾಲೇಜಿನಲ್ಲಿ ಕೆಮಿಸ್ಟ್ರಿ ಲೆಕ್ಚರರ್. ಮನೆಯಲ್ಲಿ ಉಪ್ಪಿನ ಡಬ್ಬ ಎಲ್ಲಿದೆ ಗೊತ್ತಿಲ್ಲ, ಉಪ್ಪಿನೊಳಗೆ ಏನಿದೆ ಗೊತ್ತು. ಪನ್ನೀರುದಾನಿ ತೆಗೆದುಕೊಂಡು ಮುಂಗೈ ಮೇಲೆ ಹನಿ ಹಾಕಿಕೊಂಡರು. ಆರಲು ಬಿಟ್ಟರು. (ಮದುವೆ ಮುರಿಯುತ್ತಿದೆ, ಇವರು ಆರಲು ಕಾಯುತ್ತಿದ್ದಾರೆ!) ಆಮೇಲೆ ಮೂಸಿದರು.

“ಇದು ಅಸಲಿ ಪನ್ನೀರು ದೊಡ್ಡಪ್ಪ. ಹೊಸದಾಗಿ ಬಟ್ಟಿ ಇಳಿಸಿದ್ದರಲ್ಲಿ ಹಂಡೆಯ ವಾಸನೆ, ಬೆಂದ ವಾಸನೆ ಇರುತ್ತೆ. ನೆರಳಲ್ಲಿ ಕೆಲವು ವಾರ ಇಟ್ಟರೆ ಅದು ತಾನಾಗೇ ಹೋಗಿ ಹೂವಿನದು ಮಾತ್ರ ಉಳಿಯುತ್ತೆ. ಇವರಿಗೆ ಇಡೋಕೆ ಟೈಮ್ ಸಿಕ್ಕಿಲ್ಲ, ಅಷ್ಟೇ.”

ಟೈಮ್ ಕೊಡದವರು ಯಾರು? ನಾನು ದೊಡ್ಡಪ್ಪನ ಮುಖ ನೋಡಿದೆ. ಅವರಿಗೆ ಅದೆಲ್ಲಿ ನೆನಪು?

“ಮೇಷ್ಟ್ರೇ, ಪಾಠ ಕಾಲೇಜಿನಾಗೆ ಮಾಡ್ರಿ,” ಅಂದರು. ದಿಬ್ಬಣದ ಗಂಡಸರು ನಕ್ಕರು. ನಮ್ಮನೆಯವರ ಕೆಮಿಸ್ಟ್ರಿ ಅಲ್ಲಿಗೆ ಮುಗಿಯಿತು.

ರುದ್ರಪ್ಪನವರು ದೊಡ್ಡಪ್ಪನ ಮುಂದೆ ಬಂದು ನಿಂತು ಕೇಳಿದರು, “ನಿಮ್ಮ ಅಂಗಡಿದು ಐತಾ ಬೀಗ್ರೆ? ಒಂದಿಷ್ಟು ಕೊಡ್ರಿ.”

ಇಲ್ಲದೆ ಏನು? ಗಂಡಿನ ಪೆಟ್ಟಿಗೆಯಲ್ಲಿ ಹೊಸ ಬಾಟಲಿಯೇ ಇತ್ತು. ರುದ್ರಪ್ಪನವರು ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡರು. ತಮ್ಮ ಪನ್ನೀರುದಾನಿಯ ಕತ್ತು ತಿರುಗಿಸಿ ತೆಗೆದರು. ತಮ್ಮದನ್ನು ಚೆಲ್ಲಲಿಲ್ಲ. ಅದರ ಮೇಲೇ ಬಾಟಲಿಯದನ್ನು ಸುರಿದರು. ಸ್ವಲ್ಪ ನೆಲಕ್ಕೂ ಬಿತ್ತು. ಮತ್ತೆ ಮುಚ್ಚಿ, ದೊಡ್ಡಪ್ಪನ ಮೇಲೆ ಚಿಮುಕಿಸಿದರು.

ದೊಡ್ಡಪ್ಪ ಎದೆ ತುಂಬ ಉಸಿರೆಳೆದರು.

“ಹಾಂ. ಇದು ನೋಡ್ರಿ ಅಸಲಿ.”

ಓಲಗ ಶುರುವಾಯಿತು. ಬಸ್ಸಿನ ಕಡೆ ತಿರುಗಿದವರೆಲ್ಲ ಚಪ್ಪರದ ಕಡೆ ತಿರುಗಿದರು. “ಬರ್ರಿ, ಬರ್ರಿ, ಕುಂತ್ಕಳ್ರಿ” ಅಂತ ಹೆಣ್ಣಿನವರು ಕಂಬಳಿ ಹಾಸಿದರು. ಮದುವೆ ಉಳಿಯಿತು.

ನೀವು ಹೇಳಿ, ನನಗೆ ಖುಷಿಯಾಗಬೇಕಿತ್ತಲ್ಲವೇ? ತಮ್ಮನ ಮದುವೆ ಉಳಿದಿದೆ. ಆಗಲಿಲ್ಲ. ಗುಲಾಬಿಯನ್ನೇ ಎದುರಿಗೆ ಹಿಡಿದರೆ ಮುಸುರೆ ಅನ್ನುವಷ್ಟು ನಮ್ಮ ಮೂಗು ಯಾವಾಗ ಕೆಟ್ಟಿತು? ದೊಡ್ಡಪ್ಪನ ಮೂಗೊಂದೇ ಅಲ್ಲ, ನನ್ನದೂ. ಇಷ್ಟು ವರ್ಷ ಗುಲಾಬಿ ಗುಲಾಬಿ ಅಂತ ನಾನು ಮೂಸಿದ್ದಾದರೂ ಏನನ್ನು?

ಊಟದ ಪಂಕ್ತಿಯಲ್ಲಿ ನಮ್ಮನೆಯವರನ್ನು ಅದನ್ನೇ ಕೇಳಿದೆ. ಅವರಿಗೆ ಪಾಠ ಮಾಡಲು ಕಡೆಗೂ ಒಬ್ಬಳು ಸಿಕ್ಕಿದಳು.

“ಹೂವಿನಲ್ಲಿ ನೂರಾರು ವಸ್ತು ಸೇರಿ ಆ ಒಂದು ವಾಸನೆ ಆಗುತ್ತೆ. ಅಂಗಡಿ ಪನ್ನೀರಿಗೆ ಹಾಕೋ ಎಸೆನ್ಸ್ ಮಾಡೋರು ಅದರಲ್ಲಿ ಮುಖ್ಯವಾದ ನಾಲ್ಕಾರನ್ನು ಕಾರ್ಖಾನೆಯಲ್ಲಿ ತಯಾರು ಮಾಡಿ ಜೋರಾಗಿ ಬೆರೆಸ್ತಾರೆ. ಸುಳ್ಳು ಅಂತ ಹೇಳೋಕಾಗಲ್ಲ. ನಿಜದ ಒಂದು ತುಂಡು, ಅದೂ ಕೂಗಿ ಹೇಳೋ ತುಂಡು.”

“ಹಾಗಾದರೆ ಎಸೆನ್ಸ್ ಕೆಟ್ಟದ್ದಾ?”

“ಯಾಕೆ ಕೆಟ್ಟದ್ದು? ನಮ್ಮ ಬಿ.ದುರ್ಗದಲ್ಲಿ ನನ್ನ ಅಕ್ಕನ ಮದುವೆಗೆ ಪನ್ನೀರು ಸಿಕ್ಕಿದ್ದೇ ಎಸೆನ್ಸ್ ಬಂದ ಮೇಲೆ. ಬಡವರ ಮನೆ ಬಾಗಿಲಿಗೂ ಗುಲಾಬಿ ತಂದಿದೆ ಅದು. ಆದರೆ ಅದನ್ನೇ ಮೂಸಿ ಮೂಸಿ ಗುಲಾಬಿ ಅಂದ್ರೆ ಅದೇ ಅಂದ್ಕೊಂಡ್ವಲ್ಲ, ಅದಕ್ಕೆ ಎಸೆನ್ಸ್ ಏನು ಮಾಡುತ್ತೆ?”

ನಾನು ನನ್ನ ನೈಲಾನ್ ಸೆರಗು ನೋಡಿಕೊಂಡೆ. ಎಲೆಯಲ್ಲಿದ್ದ ಲಾಡು ಮೂಸಿದೆ, ವನಸ್ಪತಿ. ನಮ್ಮ ಮನೆಯ ಷೋಕೇಸಿನಲ್ಲಿ ಪ್ಲಾಸ್ಟಿಕ್ ಹೂವು ಇಟ್ಟಿದ್ದೇನೆ, ವಾರಕ್ಕೊಮ್ಮೆ ಸೋಪಿನ ನೀರಲ್ಲಿ ತೊಳೆಯುತ್ತೇನೆ, ಬಂದವರು ಹೊಗಳುತ್ತಾರೆ. ನಾನು ಯಾರ ಮೂಗಿಗೆ ಏನು ಹೇಳಲಿ?

ಆದರೆ ನನ್ನನ್ನು ನಿಜಕ್ಕೂ ಬೆಚ್ಚಿಬೀಳಿಸಿದ್ದು ಬಾಗಿಲಲ್ಲಿ ಆದದ್ದಲ್ಲ. ಒಳಗೆ ಆದದ್ದು.

ಮುಹೂರ್ತಕ್ಕೆ ಮೊದಲು ಸೀರೆ ಕೊಡಲು ಹೆಣ್ಣಿನ ಕೋಣೆಗೆ ಹೋಗಿದ್ದೆ. ಗಿರಿಜ ಒಬ್ಬಳೇ ಮೂಲೆಯಲ್ಲಿ ಕೂತಿದ್ದಳು. ಹೊರಗಿನ ಮಾತೆಲ್ಲ ಅವಳಿಗೆ ಕೇಳಿಸಿತ್ತು. ನನ್ನನ್ನು ಹತ್ತಿರ ಕರೆದು ಪಿಸುದನಿಯಲ್ಲಿ ಕೇಳಿದಳು.

“ಅಕ್ಕ, ನಿಮ್ಮ ಹತ್ರ ವಾಸನೆ ಸೋಪು ಐತಾ?”

“ಯಾಕಮ್ಮ?”

“ಬೆಳಿಗ್ಗೆ ನನ್ನ ತಲೆ ಮೇಲೆ ಅಪ್ಪ ಅದೇ ನೀರು ಹುಯ್ದಾರೆ. ನನ್ನ ತಲೇನೂ ಮುಸುರೆ ವಾಸನೆ ಬರ್ತಾ ಐತಾ ಅಕ್ಕ? ತೊಳಕಂಡು ಬಂದ್ಬಿಡ್ತೀನಿ.”

ಅವಳ ಒದ್ದೆ ಕೂದಲಿಗೆ ಮುಖವಿಟ್ಟು ಮೂಸಿದೆ. ಬೆಂದ ವಾಸನೆ ಆರಿಹೋಗಿತ್ತು. ಇದ್ದದ್ದು ಗುಲಾಬಿ. ಅಂಗಡಿಯದಲ್ಲ. ಮೆಲ್ಲಗೆ, ಸ್ವಲ್ಪ ಎಳೆ ಹುಳಿ, ಸ್ವಲ್ಪ ಜೇನು, ಬೆಳಗಿನ ಇಬ್ಬನಿ. ಟವೆಲ್ಲಿನಲ್ಲಿ ನನಗೆ ತಿಳಿಯದೆ ಹೋದ ಆ ಇನ್ನೊಂದು ವಾಸನೆ ಇದೇ ಆಗಿತ್ತು.

“ಎಷ್ಟು ಚೆನ್ನಾಗಿದೆ ಗೊತ್ತಾ ಗಿರಿಜ,” ಅಂದೆ.

“ನೀವು ಸುಮ್ಕೆ ಹೇಳ್ತೀರಿ,” ಅಂದಳು. ಕಣ್ಣು ತುಂಬಿತ್ತು.

ತಿರುಗಿ ನೋಡಿದರೆ ಬಾಗಿಲಲ್ಲಿ ರುದ್ರಪ್ಪನವರು. ಮಗಳ ಟ್ರಂಕಿನಲ್ಲಿ ಇಡಲೆಂದು ಒಂದು ಬಾಟಲಿ ಪನ್ನೀರು ತಂದಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಒಳಗೆ ಬಂದು ಬಾಟಲಿಯನ್ನು ಸೀರೆಗಳ ಅಡಿಯಲ್ಲಿ ಇಟ್ಟರು, ಮಗಳ ತಲೆ ಮುಟ್ಟಲು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಹೊರಗೆ ಹೋದರು.

ಗಿರಿಜ ನಮ್ಮ ಮನೆ ಸೇರಿದಳು. ಬಾಟಲಿಯೂ ಸೇರಿತು. ಟ್ರಂಕು ಕತ್ತಲಕೋಣೆಯಲ್ಲಿತ್ತು, ಪನ್ನೀರಿಗೆ ಬೇಕಾಗಿದ್ದ ನೆರಳು ಅಲ್ಲಿ ಸಿಕ್ಕಿತು. ನಾನು ತವರಿಗೆ ಹೋದಾಗಲೆಲ್ಲ ಅವಳು ಯಾರೂ ಇಲ್ಲದ ಹೊತ್ತು ನೋಡಿ ಮುಚ್ಚಳ ತೆಗೆದು ನನ್ನ ಮೂಗಿಗೆ ಹಿಡಿಯುತ್ತಿದ್ದಳು. ಒಂದೊಂದು ಸಲಕ್ಕೂ ಹಂಡೆ ಕಡಿಮೆ, ಹೂವು ಹೆಚ್ಚು. ಹೋದ ಸೋಮವಾರ ಮೂಸಿ ನೋಡಿ ನನಗೆ ಸುಮ್ಮನಿರಲಾಗಲಿಲ್ಲ. “ಇವತ್ತು ಪೂಜೆಗೆ ಇದನ್ನೇ ಇಡು,” ಅಂದೆ. ಅವಳು ಹೆದರಿದಳು. ನಾನೇ ಅವಳ ಕೈಹಿಡಿದು ದೇವರ ಮನೆಗೆ ಕರೆದುಕೊಂಡು ಹೋದೆ.

ದೊಡ್ಡಪ್ಪ ಕಣ್ಣುಮುಚ್ಚಿ ಲಿಂಗಪೂಜೆಗೆ ಕೂತಿದ್ದರು. ಗಿರಿಜ ಬಟ್ಟಲಿಗೆ ಪನ್ನೀರು ಬಗ್ಗಿಸಿದಳು. ದೊಡ್ಡಪ್ಪ ಕಣ್ಣು ತೆರೆದರು.

“ಯಾವ ಅಂಗಡಿದವ್ವ ಇದು?”

ಗಿರಿಜ ನನ್ನ ಕಡೆ ನೋಡಿದಳು. ನಾನು ಹೇಳಿದೆ. “ಮದುವೆಯಲ್ಲಿ ನಿಮ್ಮ ಮೇಲೆ ಚಿಮುಕಿಸಿದ್ದೇ ದೊಡ್ಡಪ್ಪ. ಇವಳ ಅಪ್ಪನದು.”

ದೊಡ್ಡಪ್ಪ ಬಟ್ಟಲನ್ನು ಮೂಗಿನ ಹತ್ತಿರ ಹಿಡಿದು ಮತ್ತೆ ಮತ್ತೆ ಮೂಸಿದರು.

“ನಮ್ಮವ್ವ ಇಂಥದ್ದು ಹಚ್ಚತಿದ್ಲು ಕಣವ್ವ,” ಅಂದರು ಕೊನೆಗೆ. “ನನಗೆ ಮರೆತೇ ಹೋಗಿತ್ತು. ಅವತ್ತು ನಾನು ಆಡಬಾರದ ಮಾತು ಆಡಿದೆ. ನಿಮ್ಮಪ್ಪ ಹಬ್ಬಕ್ಕೆ ಕರಿಯಾಕೆ ಬರ್ತಾರಲ್ಲ, ಬರಲಿ. ಎದುರಿಗೇ ಹೇಳ್ತೀನಿ. ಇನ್ನು ಮುಂದೆ ಅಂಗಡೀಲೂ ಇದನ್ನೇ ಇಡಾಣ. ಎಷ್ಟು ಆಗ್ತೈತೋ ಅಷ್ಟು ಮಾಡಿ ಕಳಿಸಲಿ.”

ಗಿರಿಜ ನಮ್ಮ ಮನೆಗೆ ಬಂದ ಮೇಲೆ ಹಲ್ಲು ಬಿಟ್ಟು ನಕ್ಕಿದ್ದು ಅವತ್ತೇ.

ಬುಧವಾರ ರುದ್ರಪ್ಪನವರು ಬಂದರು. ಮಗಳು ಅಳಿಯನನ್ನು ಯುಗಾದಿಗೆ ಕರೆಯಲು. ನೋಡಬೇಕೆಂದು ನಾನೂ ಬೆಳಿಗ್ಗೆಯೇ ಹೋಗಿ ಕೂತಿದ್ದೆ, ನಮ್ಮನೆಯವರನ್ನೂ ಎಳೆದುಕೊಂಡು. ದೊಡ್ಡಪ್ಪ ಅಂಗಡಿಗೆ ಹೋಗದೆ ಬಾಗಿಲಲ್ಲೇ ಕಾಯುತ್ತಿದ್ದರು. ರುದ್ರಪ್ಪನವರು ಮೆಟ್ಟಿಲು ಹತ್ತಿದ ಕೂಡಲೆ, ಬೀಗರನ್ನು ಎದುರುಗೊಳ್ಳುವ ಹಾಗೆ, ತಾವೇ ಅವರ ಮೇಲೆ ಪನ್ನೀರು ಚಿಮುಕಿಸಿದರು. ಅವರದೇ ಪನ್ನೀರು.

ರುದ್ರಪ್ಪನವರು ಮುಖ ಒರೆಸಿಕೊಳ್ಳಲು ಕೈ ಎತ್ತಿ, ಹಾಗೇ ನಿಂತುಬಿಟ್ಟರು. ಅದು ತಮ್ಮ ತೋಟದ್ದೆಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ.

“ತಪ್ಪಾತು ಬೀಗ್ರೆ,” ಅಂದರು ದೊಡ್ಡಪ್ಪ. ಆ ಜೋರು ದನಿ ಎಲ್ಲಿ ಹೋಗಿತ್ತೋ. “ಒಳಗೆ ಬರ್ರಿ. ಇದರ ಬಗ್ಗೆನೇ ಮಾತಾಡೋದೈತೆ.”

ರುದ್ರಪ್ಪನವರು ಕೂತರು. ಕೈಚೀಲ ಬಿಚ್ಚಿದರು. ಒಳಗಿನಿಂದ ಒಂದು ಬಾಟಲಿ ತೆಗೆದು ದೊಡ್ಡಪ್ಪನ ಮುಂದಿಟ್ಟರು.

“ನಾನೂ ತಂದೀನಿ. ಈ ಸಲ ನಿಮಗೆ ಒಪ್ಪಿಗೆ ಆಗಂಗೆ ಮಾಡೀನಿ.”

ಮಂಜ ಮುಚ್ಚಳ ತೆಗೆದ. ನಡುಮನೆ ತುಂಬ ನಮ್ಮ ಅಂಗಡಿಯ ವಾಸನೆ.

“ಹಿರಿಯೂರು ಪೇಟೆಯಿಂದ ಎಸೆನ್ಸ್ ತಂದೆ. ಬಾವಿ ನೀರಿಗೆ ನಾಕು ಹನಿ ಹಾಕಿದೆ, ಆತು. ಹಂಡೆ ಬ್ಯಾಡ, ಉರಿ ಬ್ಯಾಡ. ಎಷ್ಟು ಸಲೀಸು ನೋಡ್ರಿ.”

ಗಿರಿಜ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. ಅವಳೇ ಕೇಳಿದಳು.

“ತ್ವಾಟದ ಹೂವು, ಅಪ್ಪ?”

“ಗಿಡ ಕಿತ್ತೆ ಕಣವ್ವ. ಈರುಳ್ಳಿ ಹಾಕೀನಿ.”

“ಒಂದಾದ್ರೂ ಉಳಿದೈತೇನ್ರಿ?” ಅಂದರು ದೊಡ್ಡಪ್ಪ.

“ಕಡ್ಡಿ ಆದ್ರೂ ಸಾಕು, ನೆಟ್ಟು ಚಿಗುರಿಸಬಹುದು,” ಅಂದರು ನಮ್ಮನೆಯವರು.

“ಇಲ್ಲ. ಬೇರುಸಹಿತ ತೆಗೆದೆ. ಒಣಗಿದ ಮೇಲೆ ಒಲೆಗೆ ಹೋದ್ವು.” ಆಮೇಲೆ ಅವರು ಮಗಳ ಕಡೆ ತಿರುಗಿದರು. ಸಿಟ್ಟಿರಲಿಲ್ಲ, ಅದನ್ನೇ ನನಗೆ ತಡೆಯಲಾಗಲಿಲ್ಲ. “ಅವತ್ತು ನೀನು ಅಕ್ಕಾರ ಹತ್ರ ಸೋಪು ಕೇಳಿದ್ದು ಕೇಳಿಸ್ತವ್ವ. ನನ್ನ ಮಗಳು ‘ನನ್ನ ತಲೆ ವಾಸನೆ ಬರ್ತೈತಾ’ ಅಂತ ಕೇಳಂಗೆ ಮಾಡಿದ್ದನ್ನ ಯಾಕೆ ಇಟ್ಕಬೇಕು ಅನ್ನಿಸ್ತು.”

ಗಿರಿಜ ತನ್ನ ಬಾಟಲಿ ತೆಗೆದುಕೊಂಡು ಹೋಗಿ ದೇವರ ಮನೆಯಲ್ಲಿಟ್ಟಳು.

ಈ ಅಂಕಣ ಬರೆಯುವ ಹೊತ್ತಿಗೆ ದೊಡ್ಡಪ್ಪನ ದೇವರ ಮನೆಯಲ್ಲಿ ಎರಡು ಬಾಟಲಿಗಳಿವೆ. ಎಸೆನ್ಸಿನದು ತುಂಬಿದೆ, ಬೇಕಾದಾಗ ಇನ್ನಷ್ಟು ಮಾಡಬಹುದು. ಅದರ ಪಕ್ಕದ್ದರಲ್ಲಿ ತಳಕ್ಕೆ ಸ್ವಲ್ಪ ಉಳಿದಿದೆ, ಅದನ್ನು ಮುಟ್ಟಲು ಯಾರಿಗೂ ಧೈರ್ಯವಿಲ್ಲ.

ಯುಗಾದಿ ಬರುತ್ತಿದೆ. ಆ ಉಳಿದ ಪನ್ನೀರನ್ನು ಯಾರ ಮೇಲೆ ಚಿಮುಕಿಸೋಣ, ನೀವೇ ಹೇಳಿ?